ಬಾರದ ನಿಯಮಕ್ಕೆ ಮಾಡಿದ ಸಿದ್ಧತೆ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೀಗ ಹನುಮಂತನಗರದ ನಮ್ಮ ಮನೆಗೆ ಬರುತ್ತಾರೆ. "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅಂತಾರೆ. ಟಿಪ್ಸ್ ಕೊಡೋಕೆ ನಾನೇನು ಅಡುಗೆ ಚಾನೆಲ್ ನಡೆಸುತ್ತಿಲ್ಲ. ಕಾಫಿ ಕೊಟ್ಟು ಕಳಿಸುತ್ತೇನೆ. ಕಳಿಸಿದ ಮೇಲೆ ಮನಸ್ಸಿಗೆ ಕಸಿವಿಸಿ. ಹೇಳಬೇಕಾದ್ದು ಇದೆ, ಆದರೆ ಅದು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮ ಕೆಲಸ ಏನು ಅಂತ ನೆಂಟರಿಗೆ ಇವತ್ತಿಗೂ ತಿಳಿದಿಲ್ಲ. ಯಾರದೇ ಗೃಹಪ್ರವೇಶಕ್ಕೆ ಹೋಗಲಿ, ಎಲೆ ಮುಂದೆ ಕೂತ ತಕ್ಷಣ ಪಕ್ಕದವರು, "ಗಿರಿಜಾ, ನೀನು ವೀಸಾ ಆಫೀಸಲ್ಲಿ ಇದ್ಯಲ್ಲಾ, ನಮ್ಮ ಅಳಿಯಂದು ಸ್ವಲ್ಪ ನೋಡೇ" ಅನ್ನೋರು. ನಾನಿದ್ದದ್ದು ವೀಸಾ ಕೊಡುವ ಕಡೆ ಅಲ್ಲ, ಇಲ್ಲಿಯವರನ್ನು ಹೊರಗೆ ಕಳಿಸುವ ಕಡೆಯೂ ಅಲ್ಲ. ಹೊರದೇಶದಿಂದ ಬಂದು ಇಲ್ಲಿ ಕೆಲಸ ಮಾಡುವವರು ಇರುತ್ತಾರಲ್ಲ, ಅವರನ್ನು ಇಟ್ಟುಕೊಂಡ ಸಣ್ಣ ಕಂಪನಿಗಳ ಕಾಗದಪತ್ರ ನೋಡಿಕೊಳ್ಳುವ ಖಾಸಗಿ ಆಫೀಸು ನಮ್ಮದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಸೀರೆ ಅಂಗಡಿಯ ಮೇಲಿತ್ತು. ದೊಡ್ಡ ಕಂಪನಿಗಳಿಗೆ ಅವರದ್ದೇ ವಕೀಲರ ದಂಡು ಇರುತ್ತೆ. ನಮ್ಮ ಮೆಟ್ಟಿಲು ಹತ್ತುತ್ತಿದ್ದವರು ಬಿಟಿಎಂನ ಕೊರಿಯನ್ ಹೋಟೆಲಿನವರು, ಜೆ.ಪಿ. ನಗರದ ಯೋಗಶಾಲೆಯವರು, ಯಂತ್ರದ ಬಿಡಿಭಾಗ ಮಾಡುವ ಶೆಡ್ಡಿನವರು, ಇಂಥವರು.

ವೀಸಾ ನವೀಕರಣ, ನೋಂದಣಿ, ಬಾಡಿಗೆ ಕರಾರು, ಇದೆಲ್ಲ ಅರ್ಧ ಕೆಲಸ. ಇನ್ನರ್ಧ, ಮುಂದೆ ನಿಯಮ ಬದಲಾದರೆ ಈ ಕಂಪನಿಯ ಗತಿ ಏನು ಅಂತ ಈಗಲೇ ಯೋಚಿಸಿ ಅವರನ್ನು ತಯಾರು ಮಾಡುವುದು. ನಿಯಮ ಬದಲಾಗುತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಬರ್ತೀವಿ ಅಂತ ಹೇಳಿಯೂ ಇರದ ನೆಂಟರಿಗೆ ಅಡುಗೆ ಮಾಡಿಡುವ ಕೆಲಸ. ಬಂದರೆ ನಮ್ಮನ್ನು ಹೊಗಳುತ್ತಾರೆ. ಬಾರದಿದ್ದರೆ ಆ ಅಡುಗೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಸಿದ್ಧತೆ ಅನ್ನುವುದು ಜನರ ತಲೆಗೆ ಹತ್ತಿದರೆ ಏನಾಗುತ್ತೆ ಅಂತ ನಾನು ಮೊದಲು ನೋಡಿದ್ದು ಬನಶಂಕರಿಯಲ್ಲಿ. ಅಲ್ಲೊಬ್ಬರು ಮನೆ ಮಾಲೀಕರು, ನಿವೃತ್ತ ಮೇಷ್ಟ್ರು. ಮಹಡಿ ಮೇಲೆ ನಮ್ಮ ಕೊರಿಯನ್ ಹೋಟೆಲಿನ ಅಡುಗೆಯವರು ಬಾಡಿಗೆಗಿದ್ದರು. ಹೊರದೇಶದವರು ಮನೆಯಲ್ಲಿ ಇಳಿದುಕೊಂಡರೆ ಮಾಲೀಕರು ಆನ್‌ಲೈನಿನಲ್ಲಿ ಒಂದು ಫಾರಂ ತುಂಬಬೇಕು. ಮೇಷ್ಟ್ರು ಕಂಪ್ಯೂಟರ್ ಮುಂದೆ ಕೂರಲು ಒಪ್ಪಲೇ ಇಲ್ಲ. "ಪೊಲೀಸ್ ರೆಕಾರ್ಡಿಗೆ ನನ್ನ ಹೆಸರು ಯಾಕಮ್ಮ?" ಅಂತ ಒಂದೇ ಹಟ. ಇದು ಕೇಸಲ್ಲ, ಮಾಹಿತಿ, ಮುಂದೆ ನಿಯಮ ಬಿಗಿಯಾದರೆ ಈಗ ತುಂಬಿದವರೇ ನೆಮ್ಮದಿಯಾಗಿರುತ್ತಾರೆ ಅಂತ ನಾನು ಪುಸಲಾಯಿಸಿ ತುಂಬಿಸಿದೆ. ಅದಾದ ಮೇಲೆ ಮೇಷ್ಟ್ರಿಗೆ ಅದರ ರುಚಿ ಹತ್ತಿಬಿಟ್ಟಿತು.

ಕೆಲವು ತಿಂಗಳಾದ ಮೇಲೆ ಒಬ್ಬಳು ಹುಡುಗಿ ಅಳುತ್ತಾ ಆಫೀಸಿಗೆ ಬಂದಳು. ಅದೇ ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದವಳು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಊರು ಮಣಿಪುರ. ಮೇಷ್ಟ್ರು ಅವಳ ಹೆಸರಲ್ಲೂ ಫಾರಂ ತುಂಬಿದ್ದರು, ಪಾಸ್‌ಪೋರ್ಟ್ ನಂಬರಿನ ಜಾಗದಲ್ಲಿ ಆಧಾರ್ ನಂಬರ್ ಹಾಕಿ. ನಾನು ಹೋಗಿ, "ಸಾರ್, ಅವಳು ನಮ್ಮ ದೇಶದವಳು" ಅಂದೆ. "ನೋಡಿದ್ರೆ ಹಂಗ್ ಕಾಣಲ್ವಲ್ಲಮ್ಮ. ನಾಳೆ ರೂಲ್ ಗೀಲ್ ಬದಲಾದ್ರೆ ಇರ್ಲಿ ಅಂತ ಹಾಕ್ದೆ" ಅಂದರು. ಅವರಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಆ ಹುಡುಗಿಗೆ ದೀಪಾವಳಿಯಲ್ಲಿ ಕಜ್ಜಾಯ ಕೊಟ್ಟವರು. ಫಾರಂ ರದ್ದು ಮಾಡಿಸಿದೆವು. ಹುಡುಗಿ ಆ ತಿಂಗಳೇ ಮನೆ ಖಾಲಿ ಮಾಡಿದಳು. ಹೋಗುವಾಗ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ನಮ್ಮ ಆಫೀಸಿನ ಯಜಮಾನರು ಶ್ರೀಕಂಠಯ್ಯನವರು. ಹಣೆ ತುಂಬಾ ವಿಭೂತಿ, ಅಂಗಿ ಜೇಬಿನಲ್ಲಿ ಕೆಂಪು ಪೆನ್ನು, ಮಾತು ಕಮ್ಮಿ. ಬೈದರೆ ಮಾತ್ರ ಕೆಳಗಿನ ಸೀರೆ ಅಂಗಡಿಗೂ ಕೇಳಿಸುತ್ತಿತ್ತು. ಒಂದು ಸಲ ನಾನು ಒಬ್ಬರ ಪಾಸ್‌ಪೋರ್ಟ್ ಅವಧಿ ನೋಡದೆ ಅರ್ಜಿ ಕಳಿಸಿಬಿಟ್ಟಿದ್ದೆ. "ಇದು ಕಾಗದ ಅಂದ್ಕೊಂಡ್ಯಾ? ಇದು ಒಬ್ಬ ಮನುಷ್ಯ" ಅಂತ ಆ ಫೈಲನ್ನು ಎತ್ತಿ ಮೇಜಿನ ಮೇಲೆ ಬಡಿದರು. ಆವತ್ತು ಸಿಟ್ಟು ಬಂತು. ಈಗ ಇಷ್ಟು ಒಳ್ಳೆಯ ಪಾಠ ಬೇರೆ ಯಾರೂ ಹೇಳಿಕೊಡಲಿಲ್ಲ ಅನ್ನಿಸುತ್ತೆ.

ಅವರದ್ದೊಂದು ಪದ್ಧತಿ ಇತ್ತು. ಆಷಾಢದಲ್ಲಿ ನಮ್ಮ ವ್ಯಾಪಾರಸ್ಥರು ಹೊಸದೇನೂ ಶುರು ಮಾಡುವುದಿಲ್ಲ, ಮಾಲೀಕರಿಗೆ ಪುರುಸೊತ್ತು. ಆ ಹೊತ್ತು ನೋಡಿ ಶ್ರೀಕಂಠಯ್ಯನವರು ಒಂದು ಕಾಲ್ಪನಿಕ ಸುತ್ತೋಲೆ ಬರೆಯುತ್ತಿದ್ದರು. ಇಂಥ ನಿಯಮ ಬಂದಿದೆ ಅಂದುಕೊಳ್ಳಿ, ಮಧ್ಯಾಹ್ನದ ಊಟದೊಳಗೆ ನಿಮ್ಮಲ್ಲಿರುವ ಹೊರದೇಶದವರ ಕಾಗದ ಎಲ್ಲ ತೋರಿಸಿ, ಯಾವುದು ನಿಲ್ಲುತ್ತೆ ಯಾವುದು ಬೀಳುತ್ತೆ ನೋಡೋಣ, ಅಂತ. ಬೆಂಕಿ ಆರಿಸುವವರು ಅಣಕು ಕಾರ್ಯಾಚರಣೆ ಮಾಡುತ್ತಾರಲ್ಲ, ಹಾಗೆ. ಕಾಗದದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಇದು ತಾಲೀಮು ಮಾತ್ರ' ಅಂತ ಇರುತ್ತಿತ್ತು. ತಾಲೀಮಿನ ಕೊನೆಯಲ್ಲಿ ಯಾವಾಗಲೂ ಒಂದು ಪ್ರಶ್ನೆ: ಈ ವ್ಯಕ್ತಿ ನಾಳೆ ಇಲ್ಲವೆಂದರೆ ಅವರ ಕೆಲಸ ಮಾಡಲು ಇಲ್ಲಿಯವರೊಬ್ಬರು ತಯಾರಿದ್ದಾರೆಯೇ? ಉತ್ತರವನ್ನು ಕಂಪನಿಯವರು ಅದೇ ಹಾಳೆಯಲ್ಲಿ ಬರೆದು ಸಹಿ ಸೀಲು ಹಾಕಬೇಕಿತ್ತು.

ಒಂದು ವರ್ಷ ನಾವು ತಾಲೀಮು ಮಾಡಿಸಿದ್ದಕ್ಕೆ ಹತ್ತಿರ ಹತ್ತಿರವಾದ ಬದಲಾವಣೆಯೊಂದು ನಿಜವಾಗಿಯೂ ಬಂತು. ಬೇರೆ ಆಫೀಸಿನವರ ಗಿರಾಕಿಗಳು ಕಾಗದ ಹಿಡಿದು ಓಡಾಡುತ್ತಿದ್ದರೆ ನಮ್ಮವರು ಆರಾಮಾಗಿ ಕೂತಿದ್ದರು. ಅಲ್ಲಿಂದ ನಮ್ಮ ಹೆಸರು ಏರಿತು. ಶ್ರೀಕಂಠಯ್ಯನವರಿಗೆ ಮೇಲಿನವರು ಯಾರೋ ಗುಟ್ಟಾಗಿ ಸುದ್ದಿ ಕೊಡುತ್ತಾರೆ ಅಂತ ಗಿರಾಕಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಶುರು ಮಾಡಿದರು. ನಾವು ಕೇಳಿ ನಕ್ಕೆವು. ಅವರಿಗೆ ಬರುತ್ತಿದ್ದ ಗುಟ್ಟಿನ ಸುದ್ದಿ ಅಂದರೆ ಹೆಂಡತಿ ಫೋನು ಮಾಡಿ ತರಕಾರಿ ತನ್ನಿ ಅಂತ ಹೇಳುವುದೊಂದೇ.

ಕೆಲಸದ ರೀತಿ ಬದಲಾಗಿದ್ದನ್ನೂ ಹೇಳಿಬಿಡುತ್ತೇನೆ. ಮೊದಲು ಟ್ಯಾಗು ಕಟ್ಟಿದ ಫೈಲು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆವು. ಕೌಂಟರಿನ ಆಚೆ ಒಂದು ಮುಖ ಇರುತ್ತಿತ್ತು. ಈ ಕಾಗದ ಸಾಲದಮ್ಮ ಅಂದರೆ ಯಾವುದು ಸಾರ್ ಅಂತ ಕೇಳಬಹುದಿತ್ತು. ಆಮೇಲೆ ಎಲ್ಲ ಆನ್‌ಲೈನ್ ಆಯಿತು. ಒಳ್ಳೆಯದೇ, ಬಿಸಿಲಲ್ಲಿ ನಿಲ್ಲುವುದು ತಪ್ಪಿತು. ಆದರೆ ಪರದೆ ಒಂದು ಸಾಲು ಹೇಳಿ ಸುಮ್ಮನಾಗುತ್ತೆ, ಅದರ ಹತ್ತಿರ ಕಷ್ಟಸುಖ ಹೇಳಿಕೊಳ್ಳೋಕಾಗಲ್ಲ. ಯಾವ ಕಾಗದ ಅಪ್ಲೋಡ್ ಮಾಡುತ್ತೀರೋ ಅದೇ ನಿಮ್ಮ ಮಾತು. ಒಂದು ಕಾಗದ ಕಮ್ಮಿಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಹೆಚ್ಚಾದರೆ ಎಷ್ಟು ಕಷ್ಟ ಅಂತ ಪೀಟರನ ಕೇಸಿನಲ್ಲಿ ಕಂಡೆ.

ಪೀಟರ್ ಕೀನ್ಯಾದವನು. ಓದಲು ಬೆಂಗಳೂರಿಗೆ ಬಂದು, ಜೆ.ಪಿ. ನಗರದ ರುದ್ರೇಶ್ ಅವರ ಕಂಪನಿ ಸೇರಿದ್ದ. ರುದ್ರೇಶ್ ದಾವಣಗೆರೆ ಕಡೆಯ ಲಿಂಗಾಯತರು, ನೀರೆತ್ತುವ ಪಂಪು ಮಾಡಿ ಆಫ್ರಿಕಾದ ಕಡೆಗೆ ಕಳಿಸುತ್ತಿದ್ದರು. ಅಲ್ಲಿನ ಗಿರಾಕಿಗಳ ಜೊತೆ ಸ್ವಾಹಿಲಿಯಲ್ಲಿ ಮಾತಾಡಿ, ಪಂಪು ಕೆಟ್ಟರೆ ಫೋನಿನಲ್ಲೇ ರಿಪೇರಿ ಹೇಳಿಕೊಡುವುದು ಪೀಟರನ ಕೆಲಸ. ಅವನ ಕನ್ನಡ ಕೇಳಬೇಕಿತ್ತು. ಸೆಕ್ಯುರಿಟಿಯವನಿಗೆ "ಏನ್ ಗುರು, ಊಟ ಆಯ್ತಾ", ನನಗೆ "ಮೇಡಂ, ಸೈನ್ ಎಲ್ ಹಾಕ್ಲಿ". ಕುಮಾರಸ್ವಾಮಿ ಲೇಔಟಿನಲ್ಲಿ ಹೆಂಡತಿ, ಮಗಳು ನೀಮಾ ಜೊತೆ ಬಾಡಿಗೆ ಮನೆ.

ನೀಮಾಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಇಲ್ಲೇ ಆಪರೇಷನ್ ಮಾಡಿಸಿ ಒಳಗೊಂದು ಯಂತ್ರ ಕೂರಿಸಿದ್ದರು, ಹೊರಗೆ ಕಿವಿಯ ಹಿಂದೆ ಒಂದು ಸಣ್ಣ ಮಿಷನ್, ವೈರು. ಆಪರೇಷನ್ ಆದ ಕೂಡಲೇ ಮಾತು ಬರುವುದಿಲ್ಲ. ಮಿಷನ್ನನ್ನು ಆಗಾಗ ಹದ ಮಾಡಿಸಬೇಕು, ಮಗುವಿಗೆ ಕೇಳುವುದನ್ನೂ ಮಾತಾಡುವುದನ್ನೂ ವರ್ಷಗಟ್ಟಲೆ ಕಲಿಸಬೇಕು. ಆ ತರಬೇತಿ ನಮ್ಮ ಆಫೀಸಿನ ಹಿಂದಿನ ರಸ್ತೆಯಲ್ಲೇ ನಡೆಯುತ್ತಿತ್ತು. ಅದು ಮುಗಿದ ಮೇಲೆ ತಾಯಿ ಮಗು ನಮ್ಮಲ್ಲಿ ಬಂದು ಕೂತು ಪೀಟರನ ಸ್ಕೂಟರಿಗೆ ಕಾಯುತ್ತಿದ್ದರು. ಒಂದು ಸಂಜೆ ಕಿಟಕಿ ಹತ್ತಿರ ನಿಂತಿದ್ದ ಮಗು ಕೆಳಗೆ ಕೈ ತೋರಿಸಿ "ಬಸ್ಸು" ಅಂತು. ಅದರ ತಾಯಿ ಅಲ್ಲೇ ನೆಲದ ಮೇಲೆ ಕೂತು ಅಳೋಕೆ ಶುರು ಮಾಡಿದಳು. ನಾನೂ ಅತ್ತೆ, ಹೇಳಿಕೊಳ್ಳೋಕೆ ನಾಚಿಕೆಯೇನಿಲ್ಲ. ಕಲಿಸುವಾಕೆ ಮೊದಲ ದಿನವೇ ಎಚ್ಚರಿಸಿದ್ದರಂತೆ, ಈ ವಯಸ್ಸಿನಲ್ಲಿ ಮಧ್ಯೆ ನಿಲ್ಲಿಸಿದರೆ ಬಂದದ್ದೂ ಹೋಗುತ್ತೆ ಅಂತ. ಪೀಟರ್ ಇಲ್ಲಿ ಕೆಲಸದಲ್ಲಿ ಇದ್ದದ್ದೇ ಅದಕ್ಕೆ. ಬೇರೆ ಕಡೆ ಹೆಚ್ಚು ಸಂಬಳಕ್ಕೆ ಕರೆದರೂ ಹೋಗಿರಲಿಲ್ಲ.

ರುದ್ರೇಶ್ ನಮ್ಮ ತಾಲೀಮನ್ನು ಪೂಜೆಯಷ್ಟು ಶ್ರದ್ಧೆಯಿಂದ ಮಾಡುತ್ತಿದ್ದವರು. ಬದಲಿ ಯಾರಿದ್ದಾರೆ ಅಂತ ಮೊದಲ ಸಲ ಕೇಳಿದ ವರ್ಷವೇ ಶಿಲ್ಪಾ ಅನ್ನುವ ಹುಡುಗಿಯನ್ನು ಸೇರಿಸಿಕೊಂಡರು. ಗದಗಿನವಳು, ಬಿಟಿಎಂನ ಪಿಜಿಯಲ್ಲಿದ್ದಳು. ಊಟದ ಹೊತ್ತಿನಲ್ಲಿ ಪೀಟರನೇ ಕೂತು ಅವಳಿಗೆ ಸ್ವಾಹಿಲಿ ಕಲಿಸಿದ. ಗದಗಿನ ರಾಗದಲ್ಲಿ ಅವಳು ಆಫ್ರಿಕಾದ ಗಿರಾಕಿಗಳ ಜೊತೆ ಮಾತಾಡುವುದನ್ನು ಕೇಳಿ ಇಡೀ ಆಫೀಸು ನಗುತ್ತಿತ್ತು, ಪೀಟರ್ ಎಲ್ಲರಿಗಿಂತ ಜೋರಾಗಿ.

ಅದಾದ ಒಂದೆರಡು ವರ್ಷಕ್ಕೆ ಆಷಾಢದಲ್ಲಿ ಶ್ರೀಕಂಠಯ್ಯನವರು ಬರೆದ ಕಾಲ್ಪನಿಕ ನಿಯಮ ಇದು: ಇನ್ನು ಮುಂದೆ ಇಲ್ಲಿಯೇ ಕೂತು ವೀಸಾ ನವೀಕರಣ ಇಲ್ಲ, ಪ್ರತಿಯೊಬ್ಬರೂ ಸ್ವಂತ ದೇಶಕ್ಕೆ ಹೋಗಿ ಹೊಸದಾಗಿ ಅರ್ಜಿ ಹಾಕಬೇಕು. ನಾನೇ ಹೋಗಿ ರುದ್ರೇಶ್ ಅವರ ಆಫೀಸಿನಲ್ಲಿ ತಾಲೀಮು ಮಾಡಿಸಿದೆ. ಎಲ್ಲ ಕಾಗದ ಸರಿಯಾಗಿತ್ತು. ರುದ್ರೇಶ್ ಒಂದೂ ಪ್ರಶ್ನೆ ಕೇಳದೆ ಲಿಫ್ಟಿನ ತನಕ ಬಂದು ಕೈ ಮುಗಿದು ಬೀಳ್ಕೊಟ್ಟರು.

ಕೆಲವು ದಿನ ಬಿಟ್ಟು ಪೀಟರನ ಫೋನು. "ಮೇಡಂ, ಬಾಸ್ ಟಿಕೆಟ್ ಬುಕ್ ಮಾಡ್ಸಿದ್ದಾರೆ. ಫ್ಯಾಮಿಲಿ ಸಮೇತ ಊರಿಗೆ ಹೋಗಿ ಹೊಸ ವೀಸಾ ತಗೊಂಡ್ ಬರ್ಬೇಕಂತೆ, ರೂಲ್ ಬರೋ ಮುಂಚೆ. ಯಾವ್ ರೂಲ್ ಮೇಡಂ?" ಅವನ ವೀಸಾ ಮುಗಿಯಲು ಇನ್ನೂ ಬೇಕಾದಷ್ಟು ಸಮಯವಿತ್ತು. ನಾನು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಆಟೋ ಹಿಡಿದು ಜೆ.ಪಿ. ನಗರಕ್ಕೆ ಹೋದೆ.

"ರುದ್ರೇಶ್ ಅವ್ರೇ, ಅದು ತಾಲೀಮು. ಮೇಲೆ ಇಷ್ಟು ದಪ್ಪ ಬರ್ದಿದೆ."

"ಓದಿದೀನಿ ಮೇಡಂ. ಬಿಡಿ, ನೀವು ಬಾಯ್ಬಿಟ್ಟು ಹೇಳೋಕಾಗಲ್ಲ. ನಂಗೆ ಅರ್ಥ ಆಗುತ್ತೆ."

"ಹೇಳೋಕೆ ಏನೂ ಇಲ್ಲ ಇದ್ರಲ್ಲಿ."

"ಹಂಗೇ ಹೇಳ್ಬೇಕು ನೀವು. ಹಿಂದೊಂದ್ಸಲ ತಾಲೀಮು ಮಾಡ್ಸಿದ್ರಿ, ಆಮೇಲೆ ರೂಲ್ ಬಂತು ತಾನೇ? ಶ್ರೀಕಂಠಯ್ಯನೋರಂಥೋರು ಸುಮ್ನೆ ಒಂದಕ್ಷರ ಬರೀತಾರಾ?"

ನಾನು ಅಲ್ಲಿಂದಲೇ ಶ್ರೀಕಂಠಯ್ಯನವರಿಗೆ ಫೋನು ಹಚ್ಚಿ ರುದ್ರೇಶ್ ಕೈಗೆ ಕೊಟ್ಟೆ. ಅವರು ಬೈದ ಬೈಗುಳ ಎದುರು ಕುರ್ಚಿಯಲ್ಲಿದ್ದ ನನಗೂ ಕೇಳಿಸಿತು. ಅಂಥ ಯಾವ ನಿಯಮವೂ ಇಲ್ಲ, ನಾನು ನನ್ನ ತಲೆಯಿಂದ ಬರೆದದ್ದು, ಆ ಹುಡುಗನನ್ನು ಕಳಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿದರು. ರುದ್ರೇಶ್ "ಆಯ್ತು ಸಾರ್, ಸರಿ ಸಾರ್" ಅಂದು ಫೋನು ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ನೋಡಿದ್ರಾ ಮೇಡಂ, ಇಷ್ಟು ಗಟ್ಟಿಯಾಗಿ ಇಲ್ಲ ಅಂತಿದ್ದಾರೆ ಅಂದ್ರೆ ವಿಷ್ಯ ದೊಡ್ಡದೇ ಇದೆ" ಅಂದರು.

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದರೆ ಆ ಮನುಷ್ಯ ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. "ಪೀಟರ್ ನಮ್ಮನೆ ಹುಡುಗ ಮೇಡಂ. ರೂಲ್ ಬಂದ್ಮೇಲೆ ಎಲ್ರ ಜೊತೆ ಲೈನಲ್ಲಿ ನಿಂತ್ರೆ ವರ್ಷಗಟ್ಲೆ ಆಗುತ್ತೆ. ಮಗು ಟ್ರೈನಿಂಗ್ ನಿಂತೋಗುತ್ತೆ. ಈಗ ಹೋದ್ರೆ ಸ್ವಲ್ಪ ದಿನದಲ್ಲಿ ವಾಪಸ್ ಬರ್ತಾನೆ" ಅಂದರು. ಇಡೀ ಸಂಸಾರದ ಟಿಕೆಟ್ಟು ಅವರದೇ ಖರ್ಚು, ರಜೆಗೂ ಸಂಬಳ. ಆ ಮಗುವಿನ ಸಲುವಾಗಿಯೇ ಅವರು ಹೀಗೆ ಮಾಡುತ್ತಿದ್ದರು.

ಹೊರಗೆ ಬಂದು ಪೀಟರನಿಗೆ, ನೀನು ಹೋಗಲ್ಲ ಅಂತ ಹೇಳು, ಅಂದೆ. "ಮೇಡಂ, ನನ್ ವೀಸಾ ಮೇಲೆ ಕಂಪನಿ ಹೆಸ್ರಿದೆ. ಬಾಸ್ ಬೇಡ ಅಂದ್ರೆ ನಾನ್ ಇಲ್ಲಿ ಯಾರು?" ಅಂದ.

ಹೋದರು. ಇಲ್ಲಿನ ನೋಂದಣಿ ಮುಗಿಸಿ, ಹಳೆಯ ವೀಸಾ ಬಿಟ್ಟುಕೊಟ್ಟು, ಅಲ್ಲಿಂದ ಹೊಸ ಅರ್ಜಿ ಹಾಕಿದರು. ಹೊಸ ಅರ್ಜಿ ಅಂದರೆ ಎಲ್ಲ ಮೊದಲಿಂದ. ಈ ಕೆಲಸಕ್ಕೆ ಭಾರತದವರು ಯಾರೂ ಸಿಗುವುದಿಲ್ಲವೇ ಅನ್ನುವ ಪ್ರಶ್ನೆ ಬಂತು. ಅದು ಮಾಮೂಲಿ ಪ್ರಶ್ನೆ. ನಾವು ತಡೆಯುತ್ತೇವೆ ಅಂತ ರುದ್ರೇಶ್ ನಮ್ಮನ್ನು ಬಿಟ್ಟೇ ಅರ್ಜಿ ಹಾಕಿಸಿದ್ದರು. ತಿಳಿಸಿದ್ದರೆ ಸರಿಯಾದ ವಿವರಣೆ ಬರೆದು ಕೊಡುತ್ತಿದ್ದೆವು, ಪೀಟರನ ಅನುಭವ, ರಿಪೇರಿ ಕೆಲಸ ಎಲ್ಲ ಸೇರಿಸಿ. ಆದರೆ ರುದ್ರೇಶ್ ಅವರ ಆಫೀಸಿನವರು, ನಾವು ಎಷ್ಟು ಶಿಸ್ತಿನ ಕಂಪನಿ ಅಂತ ತೋರಿಸೋಣ ಅಂದುಕೊಂಡು, ವರ್ಷವರ್ಷದ ತಾಲೀಮಿನ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿಬಿಟ್ಟಿದ್ದರು. ಅದರಲ್ಲಿ ಸಹಿ ಸೀಲು ಸಮೇತ ಇತ್ತು: ಈ ವ್ಯಕ್ತಿಯ ಕೆಲಸಕ್ಕೆ ಸ್ಥಳೀಯರೊಬ್ಬರು ಪೂರ್ತಿ ತರಬೇತಿ ಪಡೆದು ತಯಾರಿದ್ದಾರೆ.

ಅರ್ಜಿ ವಾಪಸ್ ಬಂತು. ತಪ್ಪು ಅನ್ನೋಕೂ ಆಗಲ್ಲ, ನಿಯಮದ ಪ್ರಕಾರ ಸರಿ. ಇಲ್ಲಿಯವರೇ ಇದ್ದಾರೆ ಅಂತ ಕಂಪನಿಯೇ ಹೇಳಿದ ಮೇಲೆ ಯಾರು ಕೊಡುತ್ತಾರೆ? ನಾವು ಮತ್ತೆ ಹಾಕಿಸಿದೆವು, ಮತ್ತೆ ವಾಪಸ್ ಬಂತು. ಶ್ರೀಕಂಠಯ್ಯನವರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. "ಗಿರಿಜಾ, ಇನ್ಮೇಲೆ ತಾಲೀಮು ಬೇಡ" ಅಂದರು. ಅವರ ದನಿ ಅಷ್ಟು ಸಣ್ಣಗೆ ನಾನು ಯಾವತ್ತೂ ಕೇಳಿರಲಿಲ್ಲ.

ರುದ್ರೇಶ್ ಶುರುವಿನಲ್ಲಿ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇಲ್ಲ. ಅವರ ಕೆಲಸ ನಿಂತಿರಲಿಲ್ಲವಲ್ಲ, ಶಿಲ್ಪಾ ಇದ್ದಳು. ಅವಳು ಚೆನ್ನಾಗಿಯೇ ಮಾಡುತ್ತಿದ್ದಳು. ಪೀಟರ್ ಕಲಿಸಿದ್ದು ಅಷ್ಟು ಚೆನ್ನಾಗಿತ್ತು. ಆ ನಿಯಮ ಮಾತ್ರ ಇವತ್ತಿನವರೆಗೂ ಬಂದಿಲ್ಲ.

ನನ್ನ ಕೊನೆಯ ವರ್ಷದಲ್ಲಿ ಶ್ರೀಕಂಠಯ್ಯನವರು ಆಫೀಸನ್ನು ಬೇರೆಯವರಿಗೆ ವಹಿಸಿ ಹೋಗಿ, ಹೊಸ ಮ್ಯಾನೇಜರ್ ಬಂದಿದ್ದ. ಹೊಸ ಗಿರಾಕಿಗಳಿಗೆ ತೋರಿಸಲು ಅವನೊಂದು ಪ್ರೆಸೆಂಟೇಶನ್ ಮಾಡಿದ್ದ. ಅದರಲ್ಲಿ ರುದ್ರೇಶ್ ಅವರ ಕಂಪನಿಯ ಕಥೆ: ವಿದೇಶಿ ಉದ್ಯೋಗಿ ಹೋದರೂ ಒಂದು ದಿನವೂ ಕೆಲಸ ನಿಲ್ಲಲಿಲ್ಲ, ಪೂರ್ವಸಿದ್ಧತೆಗೆ ಮಾದರಿ. "ಆ ಸ್ಲೈಡ್ ತೆಗೀರಿ" ಅಂದೆ. "ಯಾಕ್ ಮೇಡಂ, ಸಖತ್ ಕೇಸಲ್ವಾ ಅದು?" ಅಂದ, ನಿಜವಾಗಿಯೂ ಅರ್ಥವಾಗದೆ. ಮಾದರಿಯೇ ಹೌದು. ನಾವು ಹೇಳಿಕೊಟ್ಟದ್ದನ್ನೆಲ್ಲ ಒಂದೂ ಬಿಡದೆ ಮಾಡಿದ ಕಂಪನಿ ಅದೊಂದೇ. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಹುಡುಗರಾ, ನಿಮಗೆ ಇಷ್ಟೇ ಹೇಳುತ್ತೇನೆ. ಕಂಪನಿಯನ್ನು ತಯಾರು ಮಾಡುವಾಗ, ಯಾರ ಕಾಗದ ನಿಮ್ಮ ಕೈಯಲ್ಲಿದೆಯೋ ಆ ಮನುಷ್ಯನ ಸಿದ್ಧತೆ ಏನು ಅಂತಲೂ ಕೇಳಿ. ನಮ್ಮ ತಾಲೀಮಿನಲ್ಲಿ ಎಲ್ಲ ಪ್ರಶ್ನೆ ಇತ್ತು, ಅದೊಂದು ಇರಲಿಲ್ಲ.

ನಾನು ನಿವೃತ್ತಳಾದ ಮೇಲೆ ಶಿಲ್ಪಾ ಒಂದು ದಿನ ಫೋನು ಮಾಡಿದಳು. ಕಂಪನಿಯ ಕೆಲಸಕ್ಕೆ ಕೀನ್ಯಾಗೆ ಹೊರಟಿದ್ದಳು, ಪೀಟರನ ಊರಿಗೂ ಹೋಗಿಬರುತ್ತೇನೆ ಅಂದಳು. ನಾನು ತರಬೇತಿ ಕೇಂದ್ರದಲ್ಲಿ ವಿಚಾರಿಸಿ ನೀಮಾಳ ಮಿಷನ್ನಿಗೆ ಬೇಕಾದ ಬ್ಯಾಟರಿಗಳನ್ನು ತಂದು ಅವಳ ಕೈಯಲ್ಲಿ ಕಳಿಸಿದೆ. ವಾಪಸ್ ಬಂದವಳು ನಮ್ಮ ಮನೆಗೆ ಬಂದು, ನಾನು ಕೊಟ್ಟ ಕವರನ್ನು ಹಾಗೇ ಟೀಪಾಯಿ ಮೇಲೆ ಇಟ್ಟಳು.

"ಯಾಕಮ್ಮ, ಅವ್ರ ಮನೆ ಸಿಗ್ಲಿಲ್ವಾ?"

"ಸಿಕ್ತರೀ ಅಕ್ಕಾರ. ಪೀಟರಣ್ಣ ಭಾಳ ಪ್ರೀತಿಲೆ ಮಾತಾಡ್ಸಿದ್ರು. ಕೂಸು ಎತ್ತರ ಆಗ್ಯಾಳ. ಮಿಷನ್ ಹಾಕ್ಕೊಳ್ಳಂಗಿಲ್ರೀ ಈಗ. ಅದರ ವೈರ್ ಕೆಟ್ಟಿತ್ತಂತ, ರಿಪೇರಿಗೆ ರಾಜಧಾನಿಗೇ ಹೋಗಬೇಕಂತ, ಅದು ಭಾಳ ದೂರ. ಹೋಗಿ ಹೋಗಿ ಸಾಕಾಗಿ ಬಿಟ್ರಂತ."

"ಮಾತು?"

"ಇಲ್ಲರೀ. ಎಲ್ಲಾ ಕೈಸನ್ನಿ. ನನಗ ಕುಂದ್ರು ಅಂತ ಕೈ ಮಾಡಿ ತೋರ್ಸಿದ್ಲು."

ಶಿಲ್ಪಾ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ತಾನಾಗಿಯೇ ಹೇಳಿದಳು.

"ಹೊಂಡೋ ಮುಂದ ಪೀಟರಣ್ಣ ಬಸ್ಸಿನ ತನಕ ಬಂದ್ರು. ಆ ರೂಲ್ ಬಂತಾ ಶಿಲ್ಪಾ, ಅಂತ ಕೇಳಿದ್ರು."

"ಏನಂದೆ?"

"ಬಂತು ಅಂದೆರೀ. ನೀವು ಹೋದ ಮ್ಯಾಲೆ ಲಗೂನ ಬಂತು, ಬೆಂಗಳೂರಾಗಿದ್ದ ಹೊರಗಿನವರೆಲ್ಲಾ ತಂತಮ್ಮ ಊರಿಗೆ ಹೋಗಬೇಕಾತು ಅಂದೆ. ಹಂಗಾರ ಸರಿ ಅಂದ್ರು. ಅವರ ಮುಖ ಸ್ವಲ್ಪ ಹಗುರಾತ್ರೀ. ನಾ ಮಾಡಿದ್ದು ತಪ್ಪಾ ಅಕ್ಕಾರ?"

ತಪ್ಪಲ್ಲಮ್ಮ ಅಂದೆ. ನನ್ನನ್ನು ಕೇಳಿದ್ದರೆ ನಾನೂ ಬಂತು ಅಂತಲೇ ಹೇಳುತ್ತಿದ್ದೆ.